ಡಯೋರಾಮದ ಹಿಂದಿನ ಜಲವರ್ಣ: ಫುಯರ್ಟಿಸನ ಪಕ್ಷಿಚಿತ್ರಗಳು

ವಸ್ತುಸಂಗ್ರಹಾಲಯದ ಡಯೋರಾಮವನ್ನು ನೋಡುವವರು ಗಾಜಿನಾಚೆಯ ವನವನ್ನೂ ಮೃಗಪಕ್ಷಿಗಳನ್ನೂ ಕಂಡು ಬೆರಗಾಗುವರು; ಅದಕ್ಕೆ ಆಧಾರವಾದ ಜಲವರ್ಣದ ಕರಡುಗಳನ್ನು ನೆನೆಯುವವರು ವಿರಳ. ಡಯೋರಾಮವೇ ಕೃತಿ, ಕರಡು ಅದರ ಸಾಧನವೆಂಬುದು ರೂಢಿಯ ಮತ. ಅಮೆರಿಕೆಯ ಲೂಯಿ ಅಗಾಸಿ ಫುಯರ್ಟಿಸನ (1874–1927) ಚಿತ್ರಗಳು ಈ ಮತವನ್ನು ಪರೀಕ್ಷಿಸಲು ತಕ್ಕ ನಿದರ್ಶನಗಳು.

ಕರಡಿನ ಅಗತ್ಯವು ಸರಳವಾದೊಂದು ಸಂಗತಿಯಿಂದ ಹುಟ್ಟಿತು. ಹಕ್ಕಿ ಸತ್ತ ಮೇಲೆ ಗರಿಯ ಬಣ್ಣ ಬಹುಮಟ್ಟಿಗೆ ಉಳಿಯುವುದು. ಕಣ್ಣು, ಕೊಕ್ಕು, ಕಾಲುಗಳ ಬಣ್ಣ ಬೇಗನೆ ಮಾಸುವುದು. ಹದಮಾಡಿದ ಚರ್ಮಕ್ಕೆ ಗಾಜಿನ ಕಣ್ಣಿಡುವವನಿಗೆ ಸ್ಥಳದಲ್ಲಿಯೇ ಬರೆದ ಚಿತ್ರವು ದಾರಿ ತೋರುವುದು. ಹಗುರವಾಗಿ ಒಯ್ಯಬಹುದಾದ, ಬೇಗ ಒಣಗುವ ಜಲವರ್ಣವು ಈ ಕಾರ್ಯಕ್ಕೆ ಒಗ್ಗಿತು. 1902ರಲ್ಲಿ ಫುಯರ್ಟಿಸನು ನ್ಯೂಯಾರ್ಕಿನ ಸಂಗ್ರಹಾಲಯದ ಫ್ರಾಂಕ್ ಚಾಪ್‌ಮನ್ನನೊಡನೆ ರಾಜಹಂಸಗಳನ್ನರಸಿ ಬಹಾಮಾ ದ್ವೀಪಗಳಿಗೆ ಹೋದನು. ಚಾಪ್‌ಮನ್ನನ ಪಕ್ಷಿಗೃಹವು 1909ರಲ್ಲಿ ತೆರೆಯಿತು.

ಎರಡನ್ನೂ ಹೋಲಿಸಿದರೆ ಭೇದವು ಸ್ಪಷ್ಟ. ಡಯೋರಾಮವು ಏನನ್ನೂ ಬಿಡಲಾರದು: ಎಲೆ, ಮಣ್ಣು, ಆಕಾಶ ಎಲ್ಲವನ್ನೂ ತುಂಬಿಸಬೇಕು, ಬಾಗಿದ ಹಿನ್ನೆಲೆಗೋಡೆಯ ಸಂಧಿಯನ್ನು ಮರೆಸಬೇಕು. ಫುಯರ್ಟಿಸನ ಕರಡಿನಲ್ಲಿಯಾದರೋ ಕಾಗದದ ಬಹುಭಾಗ ಬರಿದಾಗಿರುವುದು. ತಲೆ, ಕಣ್ಣು, ಕೊಕ್ಕುಗಳಲ್ಲಿ ಮಾತ್ರ ಕುಂಚವು ತಡೆದು ನಿಂತಿರುವುದು. ಆ ನಿಲುವಿನಿಂದಲೇ ಹಕ್ಕಿಯ ಜಾತಿಸ್ವಭಾವ ತೋರುವುದು. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಡಯೋರಾಮವು ವಾಚ್ಯಪ್ರಧಾನ, ಕರಡು ಧ್ವನಿಪ್ರಧಾನ.

ಆದರೆ ಈ ಹೊಗಳಿಕೆಗೆ ಮಿತಿಯುಂಟು. ಹಕ್ಕಿಗೂ ಅದರ ನೆಲೆಗೂ ಇರುವ ಸಂಬಂಧವನ್ನು ಬರಿದಾದ ಕಾಗದವು ತಿಳಿಸಲಾರದು. ಗೂಡು, ನೀರು, ನೆರೆಯ ಹಕ್ಕಿಗಳು ಸೇರಿದಾಗಲೇ ಜೀವನವು ಅರ್ಥವಾಗುವುದು. ಅದು ಡಯೋರಾಮದ ಗೆಲುವು. ಕರಡು ವ್ಯಕ್ತಿಯನ್ನು ಕೊಟ್ಟರೆ ಡಯೋರಾಮವು ಲೋಕವನ್ನು ಕೊಡುವುದು.

1926–27ರಲ್ಲಿ ಫುಯರ್ಟಿಸನು ಷಿಕಾಗೋ ಸಂಗ್ರಹಾಲಯದ ತಂಡದೊಡನೆ ಅಬಿಸೀನಿಯಕ್ಕೆ ಹೋಗಿ ನೂರಕ್ಕೂ ಮಿಕ್ಕ ಜಲವರ್ಣಗಳನ್ನು ತಂದನು. ಅವನ್ನು ಚಾಪ್‌ಮನ್ನನಿಗೆ ತೋರಿಸಿ ಮರಳುವಾಗ, 1927ರ ಆಗಸ್ಟಿನಲ್ಲಿ, ಆತನ ಮೋಟಾರಿಗೆ ರೈಲು ಬಡಿದು ಮೃತನಾದನು; ಚಿತ್ರಗಳು ಉಳಿದುವು. 1930ರಲ್ಲಿ ಅವುಗಳಲ್ಲಿ 32 ಅಚ್ಚಾದುವು. ಸಾಧನವೆಂದೇ ಹುಟ್ಟಿದ್ದರೆ ಬಳಕೆ ತೀರಿದೊಡನೆ ಅವುಗಳ ಬೆಲೆಯೂ ತೀರಬೇಕಾಗಿತ್ತು. ಯಾವ ಹಿನ್ನೆಲೆಯ ನೆರವೂ ಇಲ್ಲದೆ ಅವು ಇಂದಿಗೂ ನೋಡುವವನನ್ನು ತಡೆದು ನಿಲ್ಲಿಸುತ್ತಿವೆ. ಆದುದರಿಂದ ಕರಡನ್ನು ಡಯೋರಾಮದ ದಾಸಿಯೆನ್ನುವುದಕ್ಕಿಂತ ಒಡಹುಟ್ಟಿದವಳೆನ್ನುವುದೇ ಯುಕ್ತ.