ದೇವತೆಯ ಪಟ್ಟಕ್ಕೆ ತೆತ್ತ ಬೆಲೆ

ವಾಸಿಯಾಗದ ಕಾಯಿಲೆಯ ಮಗುವನ್ನು ಸಾಕುವ ತಾಯಿಯನ್ನು ನಮ್ಮ ಕಥೆ, ಸಿನಿಮಾಗಳು ಬಹುಬೇಗ ದೇವತೆಯಾಗಿಸಿಬಿಡುತ್ತವೆ. ದೇವತೆಗೆ ಸೊಂಟನೋವಿಲ್ಲ, ನಿದ್ದೆಯ ಹಂಗಿಲ್ಲ. ಆ ಪಟ್ಟಕ್ಕೆ ತಾಯಿ ತೆರುವ ಬೆಲೆಯೇನೆಂದು ತಿಳಿಯಲು ಅಖಿಲ್ ಶರ್ಮಾ ಅವರ ಇಂಗ್ಲಿಷ್ ಕಾದಂಬರಿ ‘ಫ್ಯಾಮಿಲಿ ಲೈಫ್’ (2014) ಓದಬೇಕು. ಲೇಖಕರ ಸ್ವಂತ ಅಣ್ಣನಿಗಾದ ಅಪಘಾತವೇ ಇದರ ಮೂಲ. ಇದನ್ನು ಬರೆಯಲು ಅವರಿಗೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ದೆಹಲಿಯ ಮಿಶ್ರಾ ಕುಟುಂಬ 1970ರ ದಶಕದ ಕೊನೆಗೆ ನ್ಯೂಯಾರ್ಕ್ ಸೇರುತ್ತದೆ. ಹೆಸರಾಂತ ಶಾಲೆಯೊಂದಕ್ಕೆ ಸೀಟು ಗಿಟ್ಟಿಸಿದ ಹಿರಿಮಗ ಬಿರ್ಜು ಈಜುಕೊಳಕ್ಕೆ ಧುಮುಕಿ ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಮೂರು ನಿಮಿಷ ನೀರಿನಡಿಯಿದ್ದವನ ಮಿದುಳು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ನಡಿಗೆ, ಮಾತು, ನೋಟ ಎಲ್ಲವೂ ಹೋಗುತ್ತವೆ. ತಾಯಿ ಮಾತ್ರ ಅವನು ಕೋಮಾದಲ್ಲಿದ್ದಾನೆ ಎಂದೇ ಹೇಳುತ್ತಾಳೆ. ಕೋಮಾದಿಂದ ಎದ್ದು ಬರಬಹುದಲ್ಲ! ಆ ಒಂದು ಪದದಲ್ಲಿ ಅವಳ ಬದುಕೆಲ್ಲ ನೇತಾಡುತ್ತಿದೆ.

ಬಿರ್ಜುವನ್ನು ಮನೆಗೆ ತಂದ ಮೇಲೆ ಸುತ್ತಲಿನ ಭಾರತೀಯರು ಈ ತಾಯಿಯನ್ನು ಪೂಜ್ಯಭಾವದಿಂದ ಕಾಣತೊಡಗುತ್ತಾರೆ. ಪರೀಕ್ಷೆಗೆ ಹೋಗುವ ಮಕ್ಕಳನ್ನು ಕರೆತಂದು ಆಶೀರ್ವಾದ ಬೇಡುತ್ತಾರೆ. ಪವಾಡ ಮಾಡುತ್ತೇವೆನ್ನುವವರೂ ಬಾಗಿಲು ತಟ್ಟುತ್ತಾರೆ. ಆದರೆ ಗೌರವ ಬಂದಷ್ಟು ಸುಲಭವಾಗಿ ಬಿಡುವು ಬರುವುದಿಲ್ಲ. ಇತ್ತ ತಂದೆ ಕುಡಿತಕ್ಕೆ ಬೀಳುತ್ತಾನೆ. ಮುಂದೆ ಅವನಿಗೆ ಚಿಕಿತ್ಸೆಯೂ ತನ್ನಂಥವರ ಗುಂಪೂ ಸಿಗುತ್ತವೆ. ಅವನ ಕುಸಿತಕ್ಕೆ ರೋಗವೆಂಬ ಹೆಸರಿದೆ. ತಾಯಿಯ ಕುಸಿತಕ್ಕೆ ಜನ ಕೊಟ್ಟ ಹೆಸರು ತ್ಯಾಗ. ರೋಗಕ್ಕೆ ಮದ್ದು ಹುಡುಕುತ್ತೇವೆ, ತ್ಯಾಗಕ್ಕೆ ಕೈಮುಗಿದು ಮನೆಗೆ ಹೋಗುತ್ತೇವೆ.

ಶರ್ಮಾ ಈ ತಾಯಿಯನ್ನು ಒಳ್ಳೆಯವಳಾಗಿಸಲು ಹೊರಡುವುದಿಲ್ಲ. ಅವಳು ಸಿಡುಕುತ್ತಾಳೆ, ಗಂಡನೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ, ಚಿಕ್ಕಮಗ ಅಜಯನನ್ನು ಮಾತಿನಲ್ಲೇ ಗಾಯಗೊಳಿಸುತ್ತಾಳೆ. ಕಾದಂಬರಿ ಅವಳಿಗೆ ತೋರಿದ ದೊಡ್ಡ ಕರುಣೆಯೆಂದರೆ ಈ ಸಿಡುಕಿಗೆ ಜಾಗ ಕೊಟ್ಟದ್ದೇ. ಸಿಟ್ಟು ಬರುವವಳು ಮನುಷ್ಯಳು, ಮನುಷ್ಯಳಾದವಳಿಗೆ ದಣಿವಾಗುತ್ತದೆ ಎಂಬಷ್ಟನ್ನು ಅದು ನಮಗೆ ಒಪ್ಪಿಸುತ್ತದೆ.

ಆದರೂ ಒಂದು ಕೊರತೆ ಉಳಿಯುತ್ತದೆ. ಕಥೆ ಹೇಳುವವನು ಅಜಯ. ತನಗೆ ತಾಗಿದಷ್ಟು ತಾಯಿಯನ್ನೇ ಅವನು ಕಾಣಬಲ್ಲ. ಎಲ್ಲರೂ ಮಲಗಿದ ಮೇಲೆ ಅವಳು ತನ್ನೊಳಗೇ ಆಡಿಕೊಂಡಿರಬಹುದಾದ ಮಾತು ನಮಗೆ ಕೇಳುವುದಿಲ್ಲ. ಕನ್ನಡದಲ್ಲೂ ಹೀಗೇ. ಮಗುವನ್ನು ಕಳೆದುಕೊಳ್ಳುವ ತಾಯಿಯ ನೋಟವನ್ನು ಬೇಂದ್ರೆ ಮರೆಯಲಾಗದಂತೆ ಕೊಟ್ಟರು, ಆದರೆ ಆ ಪದ್ಯದಲ್ಲಿ ಮಾತಾಡುವವನು ತಂದೆ. ತಾಯಿಯ ನೋವಿಗೆ ಸಾಹಿತ್ಯದಲ್ಲಿ ಸಾಕ್ಷಿಗಳು ಬೇಕಾದಷ್ಟಿದ್ದಾರೆ. ಅವಳದೇ ಹೇಳಿಕೆ ಕಡಿಮೆ.

ಹಾಗಾಗಿ ಇಂಥ ಕಥೆ ಓದುವಾಗ ಮಗು ಗುಣವಾಯಿತೇ ಎಂದು ಕೇಳುವ ಜೊತೆಗೆ, ಅಮ್ಮ ಊಟ ಮಾಡಿದಳೇ ಎಂದೂ ಕೇಳಬೇಕು. ಆ ಪ್ರಶ್ನೆಗೆ ಪುಟಗಳಲ್ಲಿ ಉತ್ತರವಿಲ್ಲದಿದ್ದರೆ ಕಥೆ ಅರ್ಧವಷ್ಟೇ ಬರೆದಿದೆ ಎಂದರ್ಥ.