ಆ ಮಳೆಯಲ್ಲಿ ಸೌದೆ ಒಣಗಿಸಿದವರು

ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದು ಕಾಫಿಯ ಹೊತ್ತಾಗುವವರೆಗೆ ಓದುವುದು ನನ್ನ ರೂಢಿ. ಅತ್ತೆಯ ಕಣ್ಣು ಮಂಜಾದ ಮೇಲೆ ಅದು ಗಟ್ಟಿಯಾಗಿ ಓದುವುದಾಯಿತು. ಅವರು ತೀರ್ಥಹಳ್ಳಿ ಕಡೆಯವರು. ತವರಿನ ನೆನಪಾದೀತೆಂದು ಒಂದು ದಿನ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ತೆಗೆದೆ. 'ಅಜ್ಜಯ್ಯನ ಅಭ್ಯಂಜನ'ಕ್ಕೆ ಮನಸಾರೆ ನಕ್ಕರು. ಮಳೆ, ಕಾಡು, ಬೇಟೆಗಳ ವರ್ಣನೆ ಬಂದಾಗ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಚೆಂದ ಬರ್ದಿದಾರೆ ಮಾರಾಯ್ತಿ. ಆದ್ರೆ ಆ ಮಳೇಲಿ ಸೌದೆ ಒಣಗಿಸ್ದೋರು ಯಾರು?" ಎಂದರು.

ನಾನು ಬಿ.ಎ.ಗೆ ಇಂಗ್ಲಿಷ್ ಓದಿದವಳು. ವಿಕ್ಟೋರಿಯಾ ರಾಣಿಯ ಕಾಲದ ಲೇಖಕರ ಹಳ್ಳಿ, ಬೇಲಿ, ಹುಲ್ಲುಗಾವಲುಗಳನ್ನು ಕಣ್ಣಾರೆ ಕಾಣದೆಯೇ ಪ್ರೀತಿಸಿದವಳು. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ!

ಆ ಲೇಖಕರಲ್ಲಿ ರಿಚರ್ಡ್ ಜೆಫರೀಸ್ ನನಗೆ ಅಚ್ಚುಮೆಚ್ಚು. ಸ್ವಿಂಡನ್ ಪಟ್ಟಣದ ಹತ್ತಿರದ ಕೋಟ್ ಎಂಬಲ್ಲಿ ರೈತನ ಮಗನಾಗಿ ಹುಟ್ಟಿ, 1887ರಲ್ಲಿ ಮೂವತ್ತೆಂಟಕ್ಕೇ ತೀರಿಕೊಂಡ. ಬೇಟೆಕಾಡಿನ ಕಾವಲುಗಾರನ ಬದುಕನ್ನು ಕುರಿತ ಅವನ 'ದಿ ಗೇಮ್‌ಕೀಪರ್ ಅಟ್ ಹೋಂ' 1878ರಲ್ಲಿ ಪುಸ್ತಕವಾಯಿತು. ಕಾಡಿನ ವಾಸನೆಯೇ ಬರುವ ಆ ಪುಸ್ತಕ ಪ್ರಕಟವಾದಾಗ ಅವನು ಇದ್ದದ್ದು ಲಂಡನ್ನಿನ ಮಗ್ಗುಲಿನ ಸರ್ಬಿಟನ್ ಬಡಾವಣೆಯಲ್ಲಿ. ಕುವೆಂಪು ಅವರದೂ ಹಾಗೆಯೇ. ಕುಪ್ಪಳಿ ಬಿಟ್ಟು ಮೈಸೂರಿಗೆ ಓದಲು ಬಂದು, ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ, 1933ರಲ್ಲಿ 'ಚಿತ್ರಗಳು' ಹೊರಬಂತು. ಇಬ್ಬರಿಗೂ ಆಗ ಮೂವತ್ತರ ಆಚೀಚೆ ವಯಸ್ಸು. ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಊರು ಬಿಟ್ಟವರಿಗೇ ಊರು ಅಷ್ಟು ಹೊಳಪಾಗಿ ಕಾಣುವುದು ಎಂದಷ್ಟೇ ನನ್ನ ಮಾತು. 1851ರ ಜನಗಣತಿಯ ವೇಳೆಗೆ ಇಂಗ್ಲೆಂಡ್, ವೇಲ್ಸ್‌ಗಳ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಹೊಗೆಯ ಬೀದಿಗಳಲ್ಲಿ ಕೂತು ಹಸಿರಿಗಾಗಿ ಹಂಬಲಿಸುವ ಓದುಗರು ಅಲ್ಲಿ ತಯಾರಾಗಿಯೇ ಇದ್ದರು.

ಹಂಬಲದಲ್ಲಿ ತಪ್ಪಿಲ್ಲ. ಚಾಮರಾಜಪುರಂ ನಿಲ್ದಾಣದ ರೈಲಿನ ಸದ್ದು ಕೇಳಿದರೆ ನನಗೂ ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸುತ್ತದೆ. ಆದರೆ ಹಾಗೆ ಊರು ಬಿಟ್ಟು ಹೋಗಿ, ಹಿಂದಿರುಗಿ ನೋಡಿ ಬರೆಯುವ ಅವಕಾಶ ಯಾರಿಗಿತ್ತು? ಓದಲು ಹೊರಟ ಹುಡುಗನಿಗೆ. ಅವನ ಅಕ್ಕತಂಗಿಯರೂ ಊರು ಬಿಟ್ಟರು, ಆದರೆ ಹೋದದ್ದು ಇನ್ನೊಂದು ಮನೆಯ ಒಲೆಯ ಮುಂದಕ್ಕೆ. ಜೆಫರೀಸ್ ಹೊಲದಲ್ಲಿ ದುಡಿಯುವ ಹೆಂಗಸರ ಮೇಲೆ ಲೇಖನವನ್ನೇ ಬರೆದಿದ್ದಾನೆ. ಅಲ್ಲಿ ಅವರು ಅವನ ಕಣ್ಣಿಗೆ ಬೀಳುವವರು. ಅವರ ಕಣ್ಣಿಗೆ ಏನು ಬಿತ್ತೆಂಬುದು ನಮಗೆ ತಿಳಿಯುವುದಿಲ್ಲ. 'ಚಿತ್ರಗಳ'ಲ್ಲೂ ಕೋವಿ ಹಿಡಿದು ಕಾಡಿಗೆ ಹೊರಟವರ ಬೆನ್ನಿಗೇ ಬರಹ ಹೋಗುತ್ತದೆ. ಹಸಿ ಸೌದೆಗೆ ಊದುಗೊಳವೆ ಊದುತ್ತ, ರಾತ್ರಿಯೆಲ್ಲ ಅಡಿಕೆ ಸುಲಿಯುತ್ತ ಕೂತವರಿಗೂ ಹೊರಗಿನ ಮಳೆ ಕೇಳಿಸುತ್ತಲೇ ಇತ್ತಲ್ಲ. ಅದು ಅವರಿಗೆ ಹೇಗೆ ಕೇಳಿಸಿತು?

ಕುವೆಂಪು ಅವರ ಮಟ್ಟಿಗೆ ಇದನ್ನೇ ಕೊನೆಯ ಮಾತು ಮಾಡಿದರೆ ಅನ್ಯಾಯವಾದೀತು. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಇರುಳಿನಲ್ಲಿ ಕಾಡಿಗೆ ನಡೆಯುವ ಚಿನ್ನಮ್ಮ ಇದ್ದಾಳೆ. ಅಲ್ಲಿ ಕಾಡು ಸೊಬಗಿನ ನೋಟವಲ್ಲ, ಅವಳಿಗೆ ಉಳಿದಿರುವ ಒಂದೇ ದಾರಿ. ನನಗೆ ಅದೇ ದೊಡ್ಡ ಪ್ರಕೃತಿ ಬರಹ. 'ಚಿತ್ರಗಳು' ಅದರ ಮುಂದೆ ರಜೆಗೆ ಊರಿಗೆ ಬಂದ ಹುಡುಗನ ಸಂಭ್ರಮ. ಸುಳ್ಳಲ್ಲ, ಆದರೆ ಅಂಗಳದಿಂದ ಅಡಿಗೆಮನೆಗೆ ಕಾಲಿಡುವುದು ಕಡಿಮೆ.

ಇಂಗ್ಲಿಷಿನಲ್ಲಿ ಒಳಗಿನಿಂದ ಬರೆದವರನ್ನು ಹುಡುಕಿದಾಗ ಫ್ಲೋರಾ ಥಾಂಪ್ಸನ್ ಸಿಕ್ಕಳು. ಕಲ್ಲುಕೆಲಸದವನ ಮಗಳು, ಅಂಚೆ ಕಚೇರಿಯಲ್ಲಿ ದುಡಿದವಳು. 1880ರ ದಶಕದ ತನ್ನ ಬಾಲ್ಯದ ಹಳ್ಳಿಯನ್ನು 'ಲಾರ್ಕ್ ರೈಸ್' ಎಂಬ ಪುಸ್ತಕದಲ್ಲಿ ಬರೆದಳು. ಅದು ಅಚ್ಚಾದದ್ದು 1939ರಲ್ಲಿ, ಅವಳಿಗೆ ಅರವತ್ತು ದಾಟಿದ ಮೇಲೆ. ಅವಳಲ್ಲೂ ಹೂವಿದೆ, ಹಕ್ಕಿಯಿದೆ, ಗೋಧಿಯ ಹೊಲವಿದೆ. ಜೊತೆಗೆ ಬಾವಿಯಿದೆ. ಮಳೆಯಿರಲಿ ಚಳಿಯಿರಲಿ, ಹೆಂಗಸರು ರಾಟೆ ತಿರುಗಿಸಿ ನೀರು ಸೇದಿ, ಹೆಗಲಿನ ಅಡ್ಡೆಗೆ ಎರಡು ಬಕೆಟ್ಟು ತೂಗುಹಾಕಿಕೊಂಡು ಮನೆಗೆ ನಡೆಯುತ್ತಾರೆ.

ಆ ಭಾಗವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅತ್ತೆ ಎದ್ದು ಕೂತರು.

"ಹೆಗಲ ಮೇಲೆ ಅಡ್ಡೇನಾ? ಹಂಗಾದ್ರೆ ಕೈಗಾದ್ರೂ ಆರಾಮು. ನಮ್ದು ಸೊಂಟಕ್ಕೊಂದು ಕೊಡ, ಕೈಗೊಂದು ಚೊಂಬು. ಜಾರೋ ಮೆಟ್ಲು ಬೇರೆ. ಮುಂದೆ ಓದು."

ಕಾಫಿಯ ಹೊತ್ತು ಮೀರಿತ್ತು. ಮುಂದೆ ಓದಿದೆ.