ಬಡ ಮಾಂತ್ರಿಕನ ಜಮಾ-ಖರ್ಚು

ಎಲ್ಡನ್ ರಿಂಗ್ ಆಟವನ್ನು ಮಂತ್ರ ಹಾಕುವವನಾಗಿ ಶುರು ಮಾಡಿದರೆ ಎಲ್ಲ ಸುಲಭ ಎಂದು ಮಂಗಳೂರಿನ ಯಾವ ಕಾಲೇಜು ಹುಡುಗನೂ ಹೇಳಿಯಾನು. ದೂರ ನಿಲ್ಲು, ಕೋಲು ಎತ್ತು, ನೀಲಿ ಕಲ್ಲು ಬಿಡು, ವೈರಿ ಹತ್ತಿರ ಬರುವ ಮೊದಲೇ ಅವನ ಕತೆ ಮುಗಿಸು. ಕತ್ತಿ ಹಿಡಿದು ಆಡುವವರು ಇದನ್ನು ಸ್ವಲ್ಪ ತಾತ್ಸಾರದಿಂದಲೇ ಹೇಳುತ್ತಾರೆ. ಆಡಿ ಆಡಿ ಬಲಿತ ಮಾಂತ್ರಿಕನ ಮಟ್ಟಿಗೆ ಮಾತು ನಿಜ. ಮೊದಲ ಕೆಲವು ಗಂಟೆಗಳ ಮಾಂತ್ರಿಕನ ಮಟ್ಟಿಗೆ ಶುದ್ಧ ಸುಳ್ಳು. ಅವನು ಬಡವ. ಕೈಯಲ್ಲಿ ಎರಡೇ ಮಂತ್ರ, ಮೈಯಲ್ಲಿ ಎರಡು ಏಟು ತಡೆಯುವಷ್ಟೂ ಕಸುವಿಲ್ಲ. ಈ ಬಡತನದಲ್ಲೇ ಆಟದ ರುಚಿ ಇರುವುದು. ಆಡುವವರಿಗೂ ಪಕ್ಕದಲ್ಲಿ ಕೂತು ನೋಡುವವರಿಗೂ ಅದನ್ನು ಸ್ವಲ್ಪ ತೋರಿಸಿಕೊಡೋಣ ಎಂದು ಈ ಬರಹ.

ನೋಡುವವರು ಎಂದದ್ದು ಬರೀ ಮಾತಿಗಲ್ಲ. ಸುರತ್ಕಲ್, ದೇರಳಕಟ್ಟೆ ಕಡೆಯ ಹಾಸ್ಟೆಲು-ಪೀಜಿಗಳ ಪರಿಚಯ ಇದ್ದವರಿಗೆ ಗೊತ್ತು: ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಇಡೀ ಮಹಡಿಗೆ ಒಂದಿದ್ದರೆ ಹೆಚ್ಚು. ಕಂಟ್ರೋಲರ್ ಒಬ್ಬನ ಕೈಯಲ್ಲಿ, ಮಂಚದ ಮೇಲೆ ನಾಲ್ಕು ಜನ. "ಬಲಿಪು ಮಾರಾಯಾ", "ಪಿರ ಬಲ" ಎಂದು ತುಳುವಿನಲ್ಲಿ ಬೊಬ್ಬೆ ಹೊಡೆಯುವುದು ಆ ನಾಲ್ವರ ಪಾಲಿನ ಕೆಲಸ. ಕತ್ತಿಯವನ ಆಟ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ಏಟು ಕಣ್ಣಿಗೇ ಕಾಣುತ್ತದೆ. ಮಾಂತ್ರಿಕನ ಆಟದ ಮುಖ್ಯ ಸಂಗತಿ ನಡೆಯುವುದು ಪರದೆಯ ಎಡ ಮೇಲಿನ ಮೂಲೆಯ ಒಂದು ಸಣ್ಣ ನೀಲಿ ಗೆರೆಯಲ್ಲಿ. ಅದನ್ನು ಓದಲು ಬಾರದಿದ್ದರೆ ಆತ ಸುಮ್ಮನೆ ಹೆದರಿ ಓಡುವವನಂತೆ ಕಾಣುತ್ತಾನೆ.

ತೀರಾ ಹೊಸಬರಿಗೆ ಎರಡು ಮಾತು. ಆಟ ಮಾಡಿದವರು ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ. ಬಿಡುಗಡೆಯಾದದ್ದು 2022ರ ಫೆಬ್ರವರಿ 25ಕ್ಕೆ. ಆ ಲೋಕದ ಪುರಾಣವನ್ನು ಹೆಣೆದವರು ಜಾರ್ಜ್ ಆರ್. ಆರ್. ಮಾರ್ಟಿನ್. ಭಾರತದ ಯಾವ ಭಾಷೆಯಲ್ಲೂ ಆಟ ಸಿಗುವುದಿಲ್ಲ, ಹಾಗಾಗಿ ಮಂತ್ರಗಳ ಹೆಸರು ಇಂಗ್ಲಿಷಿನಲ್ಲೇ ಬಾಯಿಪಾಠವಾಗಬೇಕು. ಪಕ್ಕದ ಉಡುಪಿಯಲ್ಲಿ 99 ಗೇಮ್ಸ್‌ನವರು ಸ್ಟಾರ್ ಶೆಫ್ ಎಂಬ ಅಡುಗೆಯ ಆಟ ಮಾಡಿ ಹೆಸರಾದರು. ಕರಾವಳಿಯ ಬಹಳ ಜನರಿಗೆ ಗೇಮ್ ಎಂದರೆ ಅಂಥದೇ, ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಆಡುವಂಥದು. ಇದು ಆ ಜಾತಿಯದಲ್ಲ. ಇದರಲ್ಲಿ ನಿಲ್ಲಿಸುವ ಗುಂಡಿಯೇ ಇಲ್ಲ. ಅಮ್ಮ ಊಟಕ್ಕೆ ಕರೆದಾಗ "ಬಂದೆ" ಎಂದು ಹೇಳಿ ಎದ್ದು ಹೋದರೆ, ವಾಪಸು ಬರುವಷ್ಟರಲ್ಲಿ ಸತ್ತಿರುತ್ತೀರಿ. ಮಳೆಗಾಲದಲ್ಲಿ ಆಡುವವರು ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು.

ಆರಂಭದಲ್ಲಿ ಹತ್ತು ಪಾತ್ರಗಳಲ್ಲಿ ಒಂದನ್ನು ಆರಿಸಬೇಕು. ಮಂತ್ರದ ದಾರಿಗೆ ಸರಿಯಾದವನು ಅಸ್ಟ್ರಾಲಜರ್, ನಕ್ಷತ್ರ ನೋಡುವವನು. ಅವನ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಬುದ್ಧಿಗೆ ಸಂಬಂಧಿಸಿದ ಇಂಟೆಲಿಜೆನ್ಸ್ 16, ಮಂತ್ರಶಕ್ತಿಯ ಸಂಗ್ರಹ ನಿರ್ಧರಿಸುವ ಮೈಂಡ್ 15, ಜೀವ ನಿರ್ಧರಿಸುವ ವಿಗರ್ ಬರೀ 9. ಅದೇ ಗುರಾಣಿ ಹೊತ್ತು ಬರುವ ವ್ಯಾಗಬಾಂಡನಿಗೆ ವಿಗರ್ 15. ಮೈಂಡ್ 15 ಎಂದರೆ ನೀಲಿ ಗೆರೆಯ ಉದ್ದ 95. ಕೈಯಲ್ಲಿರುವ ಮುಖ್ಯ ಮಂತ್ರ ಗ್ಲಿಂಟ್‌ಸ್ಟೋನ್ ಪೆಬಲ್, ಒಂದು ಸಲ ಬಿಡಲು 7 ಖರ್ಚು. ಭಾಗಿಸಿ ನೋಡಿ: 13 ಕಲ್ಲು. ಹದಿನಾಲ್ಕನೆಯದು ಇಲ್ಲ. ಎರಡನೆಯ ಮಂತ್ರ ಗ್ಲಿಂಟ್‌ಸ್ಟೋನ್ ಆರ್ಕ್, ಅಡ್ಡಕ್ಕೆ ಬೀಸಿ ಹೋಗುವ ನೀಲಿ ಗೆರೆ. ತೋಳಗಳು ಗುಂಪಾಗಿ ಬಂದಾಗ ಮಾತ್ರ ನೆನಪಾಗುತ್ತದೆ. ಮತ್ತೊಂದು ಸಣ್ಣ ಕತ್ತಿ, ಒಂದು ಮರದ ಗುರಾಣಿ. ಇಷ್ಟೇ ಆಸ್ತಿ.

ಬಹಳ ಭಯವಾದರೆ ಪ್ರಿಸನರ್ ಎಂಬ ಇನ್ನೊಂದು ಪಾತ್ರ ಉಂಟು, ಅವನ ಕೈಯಲ್ಲಿ ಚುಚ್ಚುವ ಒಳ್ಳೆಯ ಕತ್ತಿಯೂ ಇರುತ್ತದೆ. ಆದರೆ ಕೈಯಲ್ಲಿ ಒಳ್ಳೆಯ ಕತ್ತಿ ಇದ್ದವರು ಲೆಕ್ಕ ಕಲಿಯುವುದಿಲ್ಲ. ನನ್ನ ಮತ ಅಸ್ಟ್ರಾಲಜರ್‌ಗೇ.

ಈಗ ಆ ಹದಿಮೂರು ಕಲ್ಲು ಹೇಗೆ ಖರ್ಚಾಗುತ್ತವೆ ಎಂದು ಒಂದು ಜಾಗದಲ್ಲಿ ನಿಂತು ನೋಡೋಣ. ಆಟ ಶುರುವಾಗುವ ಸೀಮೆಯಾದ ಲಿಮ್‌ಗ್ರೇವ್‌ನ ದಾರಿಯಲ್ಲಿ ಗೇಟ್‌ಫ್ರಂಟ್ ಎಂಬ ಪಾಳು ಠಾಣೆ ಸಿಗುತ್ತದೆ. ಅಲ್ಲಿನ ದೊರೆ ಗಾಡ್ರಿಕ್‌ನ ಸೈನಿಕರು ಡೇರೆ ಹಾಕಿಕೊಂಡು ಕಾವಲು ಕಾಯುತ್ತಿರುತ್ತಾರೆ. ಯಾರಾದರೂ ನಿಮ್ಮನ್ನು ಕಂಡರೆ ಕಹಳೆ ಊದುವವನೊಬ್ಬ, ಕಹಳೆ ಊದಿದರೆ ಓಡಿ ಬರುವವರು ಏಳೆಂಟು. ಕತ್ತಿಯವನು ಮಧ್ಯಕ್ಕೆ ನುಗ್ಗಬಲ್ಲ. ಮಾಂತ್ರಿಕ ಪೊದೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಮೊದಲು ಕಹಳೆಯವನನ್ನು ಹುಡುಕುತ್ತಾನೆ. ಒಂದು ಕಲ್ಲು. ಅವನು ತಿರುಗುತ್ತಾನೆ. ಎರಡನೆಯದು, ಬೇಕಾದರೆ ಮೂರನೆಯದು. ಅವನು ಬಿದ್ದ ಮೇಲೆ ಮಾಂತ್ರಿಕ ಕೂಡಲೇ ಇನ್ನೊಬ್ಬನಿಗೆ ಗುರಿ ಇಡುವುದಿಲ್ಲ, ಹಿಂದಕ್ಕೆ ಸರಿಯುತ್ತಾನೆ. ಸದ್ದು ಕೇಳಿ ಬಂದವನು ಒಂಟಿಯಾಗಿ ದಾರಿಗೆ ಬರಲಿ ಎಂದು ಕಾಯುತ್ತಾನೆ. ಬರುವವನ ಕೈಯಲ್ಲಿ ಗುರಾಣಿ ಇದ್ದರೆ ಕಲ್ಲು ವ್ಯರ್ಥವಾದೀತು; ಅವನು ಕತ್ತಿ ಎತ್ತಿ ಗುರಾಣಿ ತಗ್ಗಿಸುವವರೆಗೆ ತಡೆಯಬೇಕು. ಮಧ್ಯದಲ್ಲಿ ಒಂದು ಗೋಡೆ ಬಂದರೆ ಕಲ್ಲು ಗೋಡೆಗೇ. ಮಂತ್ರ ಬಿಡುವಾಗ ಹಸಿರು ಗೆರೆಯ ದಮ್ಮೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಸಾಲಾಗಿ ನಾಲ್ಕು ಕಲ್ಲು ಬಿಟ್ಟವನಿಗೆ ಆಮೇಲೆ ಉರುಳಿ ತಪ್ಪಿಸಿಕೊಳ್ಳಲು ದಮ್ಮು ಸಾಲದು.

ನೋಡುವವರು ಇಲ್ಲಿ ಗಮನಿಸಬೇಕಾದದ್ದು ಬಿಟ್ಟ ಕಲ್ಲುಗಳನ್ನಲ್ಲ, ಬಿಡದೆ ಉಳಿಸಿದ ಕಲ್ಲುಗಳನ್ನು. ಠಾಣೆ ಖಾಲಿ ಮಾಡಿ ಹೊರಬಂದಾಗ ನೀಲಿ ಗೆರೆಯಲ್ಲಿ ಇನ್ನೂ ಎರಡು ಕಲ್ಲಿನಷ್ಟು ಉಳಿದಿದ್ದರೆ ಆತ ಆಟ ಬಲ್ಲವನು. ಕಣ್ಣಿಗೆ ಕಂಡವರಿಗೆಲ್ಲ ಎಸೆದು, ಕೊನೆಗೆ ಸಣ್ಣ ಕತ್ತಿ ಬೀಸುತ್ತಾ ಬದುಕಿದವನನ್ನು ಹೊಗಳಬೇಡಿ. ಅವನು ಬದುಕಿದ್ದು ಅದೃಷ್ಟದಿಂದ.

ಫ್ರಮ್‌ಸಾಫ್ಟ್‌ವೇರ್‌ನವರು ಈ ಲೆಕ್ಕವನ್ನು ಹಿಂದೆ ಬೇರೆ ರೀತಿ ಇಡುತ್ತಿದ್ದರು. 2011ರ ಡಾರ್ಕ್ ಸೋಲ್ಸ್‌ನಲ್ಲಿ ನೀಲಿ ಗೆರೆಯೇ ಇರಲಿಲ್ಲ. ಪ್ರತಿ ಮಂತ್ರಕ್ಕೂ ಇಷ್ಟು ಸಲ ಎಂಬ ಮಿತಿ, ಸೋಲ್ ಆರೋ ಎಂಬ ಮೊದಲ ಮಂತ್ರಕ್ಕೆ 30 ಸಲ. ಮುಗಿದರೆ ಬೆಂಕಿಯ ಬಳಿ ಕೂತು ಎದ್ದ ಮೇಲೆಯೇ ಮತ್ತೆ. ಎಲ್ಡನ್ ರಿಂಗ್‌ನಲ್ಲಿ ಎಲ್ಲ ಮಂತ್ರಕ್ಕೂ ಒಂದೇ ಕಿಸೆ, ಆ ಕಿಸೆ ತುಂಬಿಸಲು ನೀಲಿ ಕುಪ್ಪಿ. ಕುಪ್ಪಿಗಳ ಒಟ್ಟು ಸಂಖ್ಯೆ ನಿಗದಿ. ಅದರಲ್ಲಿ ಜೀವದ ಕೆಂಪು ಎಷ್ಟು, ಮಂತ್ರದ ನೀಲಿ ಎಷ್ಟು ಎಂದು ಗ್ರೇಸ್ ಎಂಬ ವಿಶ್ರಾಂತಿ ತಾಣದಲ್ಲಿ ನೀವೇ ಹಂಚಿಕೊಳ್ಳಬೇಕು. ಒಂದು ನೀಲಿ ಹೆಚ್ಚಾದರೆ ಒಂದು ಕೆಂಪು ಕಡಿಮೆ. ಹಳೆಯ ಪದ್ಧತಿಗಿಂತ ಇದೇ ವಾಸಿ ಎಂದು ನನಗೆ ಅನಿಸುತ್ತದೆ, ಏಕೆಂದರೆ ಇಲ್ಲಿ ಆಸೆಬುರುಕತನ ಎಲ್ಲಿದೆ ಎಂದು ಹಂಚಿಕೆ ನೋಡಿದರೇ ತಿಳಿಯುತ್ತದೆ.

ಇದರ ಜೊತೆ ತೋಳಗಳ ಲೆಕ್ಕ. ಕುದುರೆ ಸಿಕ್ಕಿದ ಮೇಲೆ ಎಲ್ಲೆಹ್ ಚರ್ಚಿನ ಪಾಳಿಗೆ ವಾಪಸು ಹೋದರೆ ರೆನ್ನಾ ಎಂಬ ಮಾಟಗಾತಿ ಒಂದು ಗಂಟೆಯನ್ನೂ ಒಂಟಿ ತೋಳಗಳ ಬೂದಿಯನ್ನೂ ಕೊಡುತ್ತಾಳೆ. ಹೆಸರು ಒಂಟಿ, ಬರುವುದು ಮೂರು. ಅವು ವೈರಿಯ ಸುತ್ತ ಹಾರಾಡಿ ಅವನ ಗಮನ ಸೆಳೆಯುವಾಗ ಮಾಂತ್ರಿಕನಿಗೆ ಉಸಿರಾಡಲು ಸಮಯ. ಆದರೆ ಗಂಟೆ ಬಾರಿಸಿ ಅವುಗಳನ್ನು ಕರೆಯುವ ಖರ್ಚು 55. ನಿಮ್ಮಲ್ಲಿರುವುದು 95. ಉಳಿದ 40ರಲ್ಲಿ ಐದು ಕಲ್ಲು. ಹಾಗಾಗಿ ಬಲ್ಲವರು ಗಂಟೆ ಬಾರಿಸಿದ ಕೂಡಲೇ, ವೈರಿ ತೋಳಗಳ ಕಡೆ ತಿರುಗಿದ ಆ ಒಂದು ಗಳಿಗೆಯಲ್ಲಿ, ನೀಲಿ ಕುಪ್ಪಿ ಎತ್ತಿಬಿಡುತ್ತಾರೆ. ಹೊಸಬರು ಆ ಗಳಿಗೆಯಲ್ಲಿ ಕಲ್ಲು ಬಿಡುತ್ತಾರೆ. ಇಬ್ಬರ ನಡುವಿನ ವ್ಯತ್ಯಾಸ ಅಲ್ಲಿಯೇ ಗೊತ್ತಾಗುತ್ತದೆ.

ಇಷ್ಟರ ಮೇಲೆ ಮಾರ್ಗಿಟ್. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಮರದ ಊರುಗೋಲು ಹಿಡಿದು ನಿಂತ ಈತನ ಮುಂದೆ ಆಟ ಬಿಟ್ಟು ಹೋದವರು ಲೆಕ್ಕವಿಲ್ಲದಷ್ಟು ಜನ. ಅವನ ಚಾಳಿ ಎಂದರೆ ಕೋಲು ಎತ್ತಿ ತಡೆಯುವುದು. ಎತ್ತಿದ ಕೋಲು ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ. ನೀವು ಉರುಳಿ ಎದ್ದ ಮೇಲೆ ಬೀಳುತ್ತದೆ. ದೂರ ಹೋದರೆ ಬೆಳಕಿನ ಬಾಕು ಎಸೆಯುತ್ತಾನೆ ಅಥವಾ ಹಾರಿ ಮೇಲೆ ಬೀಳುತ್ತಾನೆ, ಅಂದರೆ ಮಾಂತ್ರಿಕನ ಏಕೈಕ ಬಂಡವಾಳವಾದ ದೂರವನ್ನೇ ಕಸಿದುಕೊಳ್ಳುತ್ತಾನೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಊರಿನವರಿಗೆ ಇಲ್ಲಿ ಒಂದು ಅನುಕೂಲ ಉಂಟು. ಚೆಂಡೆಯವರ ಕಣ್ಣು ವೇಷದ ಹೆಜ್ಜೆಯ ಮೇಲಿರುತ್ತದೆ, ಕಿರೀಟದ ಮೇಲಲ್ಲ. ವೇಷ ಎಷ್ಟೇ ಎಳೆದರೂ ಹೆಜ್ಜೆ ಊರುವಲ್ಲೇ ಪೆಟ್ಟು ಬೀಳುತ್ತದೆ. ಮಾರ್ಗಿಟ್‌ನ ಕೋಲನ್ನು ನೋಡುತ್ತಾ ಕೂತವರು ಸಾಯುತ್ತಾರೆ. ಅವನ ಹೆಗಲು, ಮುಂದಿನ ಕಾಲು ನೋಡಿ. ಹೊಡೆತ ಮುಗಿದು ಅವನ ಮೈ ಸಡಿಲವಾದಾಗ ಒಂದು ಕಲ್ಲು, ಒಂದೇ. ಎರಡನೆಯದಕ್ಕೆ ಆಸೆಪಟ್ಟರೆ ಕೋಲು ಎತ್ತಿದ ಮನುಷ್ಯನ ಎದುರು ನೀವೂ ಕೋಲು ಎತ್ತಿ ನಿಂತಿರುತ್ತೀರಿ.

ಬಾಗಿಲ ಹೊರಗೆ ರೋಜಿಯರ್ ಎಂಬ ಮಾಂತ್ರಿಕನ ಹೊಂಬಣ್ಣದ ಗುರುತು ಸಿಗುತ್ತದೆ, ಕರೆದರೆ ಜೊತೆಗೆ ಹೊಡೆದಾಡಲು ಬರುತ್ತಾನೆ. ಕರೆಯುವುದರಲ್ಲಿ ಅವಮಾನ ಎಂಥದೂ ಇಲ್ಲ. ಬಡವನಿಗೆ ನೆಂಟರಿರಬೇಕು.

ಮಾರ್ಗಿಟ್‌ನ ಬಳಿ ಹೋಗುವ ಮುಂಚೆ ಕೆಲವು ಕೆಲಸ ಮುಗಿಸಿಕೊಂಡರೆ ಒಳ್ಳೆಯದು. ಎಲ್ಲೆಹ್ ಚರ್ಚಿನ ಬಡಿಗಲ್ಲಿನಲ್ಲಿ ನಿಮ್ಮ ಮಂತ್ರದ ಕೋಲನ್ನು 3ನೇ ಹಂತದವರೆಗೆ ಬಲಪಡಿಸಬಹುದು. ಮಂತ್ರದ ಪೆಟ್ಟು ಕೋಲಿನ ಮೇಲೆಯೇ ನಿಂತಿದೆ ಎಂಬುದನ್ನು ಮರೆತು ಜನ ಬಲಪಡಿಸುವ ಕಲ್ಲನ್ನೆಲ್ಲ ಕತ್ತಿಗೆ ಸುರಿಯುತ್ತಾರೆ. ವೇಪಾಯಿಂಟ್ ಪಾಳಿನ ನೆಲಮಾಳಿಗೆಯಲ್ಲಿ ಸೆಲೆನ್ ಎಂಬ ಗುರು ಕೂತಿದ್ದಾಳೆ. ಬಾಗಿಲು ಕಾಯುವ ಕುಂಬಳಕಾಯಿ ತಲೆಯ ದೈತ್ಯನನ್ನು ದಾಟಿದರೆ ಶಿಷ್ಯನಾಗಿ ಒಪ್ಪಿಕೊಂಡು ಮಂತ್ರ ಮಾರುತ್ತಾಳೆ. ಗುರುದಕ್ಷಿಣೆ ಆಟದ ಹಣವಾದ ರೂನ್‌ಗಳಲ್ಲಿ, ಮುಂಗಡ. ಅವಳ ಮಾತನ್ನು ಬೇಗ ಬೇಗ ಒತ್ತಿ ದಾಟಬೇಡಿ. ನಕ್ಷತ್ರಗಳಿಗೂ ಈ ನೀಲಿ ಕಲ್ಲಿಗೂ ಏನು ಸಂಬಂಧ, ರಾಯಾ ಲುಕಾರಿಯಾ ಎಂಬ ವಿದ್ಯಾಪೀಠದಲ್ಲಿ ಏನಾಯಿತು ಎಂಬುದರ ಎಳೆ ಅಲ್ಲಿಂದಲೇ ಸಿಗುತ್ತದೆ.

ವೀಪಿಂಗ್ ಪೆನಿನ್ಸುಲಾದ ಒರಿಡಿಸ್ ಗೋಪುರವನ್ನು ಮಾತ್ರ ತಪ್ಪಿಸಬೇಡಿ. ಶುರುವಿನಲ್ಲಿ ನೆನಪಿನಲ್ಲಿಟ್ಟುಕೊಳ್ಳಲು ಸಿಗುವುದು ಎರಡೇ ಮಂತ್ರಕ್ಕೆ ಜಾಗ. ಈ ಗೋಪುರದ ತುದಿಯಲ್ಲಿ ಇನ್ನೊಂದು ಮಂತ್ರಕ್ಕೆ ಜಾಗ ಕೊಡುವ ಕಲ್ಲು ಉಂಟು. ಒಳಗೆ ಹೋಗಲು ಮೂರು ಜ್ಞಾನಿ ಪ್ರಾಣಿಗಳನ್ನು ಹುಡುಕಬೇಕು ಎಂಬ ಒಗಟು. ಆ ಜ್ಞಾನಿಗಳು ಮೂರು ಆಮೆಗಳು. ಸುತ್ತಮುತ್ತ ಅಡಗಿರುವ ಅವುಗಳನ್ನು ಹುಡುಕಿ ಹೊಡೆಯಬೇಕು. ಯುದ್ಧವಿಲ್ಲ, ಸಾವಿಲ್ಲ, ಮಂಚದ ಮೇಲಿನ ನಾಲ್ವರೂ ಪರದೆಗೆ ಬೆರಳು ತೋರಿಸಿ ಹುಡುಕಬಹುದು. ಇಷ್ಟು ಕಟುವಾದ ಆಟದ ನಡುವೆ ಇಂಥದೊಂದು ಮಕ್ಕಳಾಟ ಇಟ್ಟವರ ಮೇಲೆ ನನಗೆ ಪ್ರೀತಿ.

ಇನ್ನು ಯೂಟ್ಯೂಬಿನವರು ಹೇಳುವ ಕಳ್ಳದಾರಿ. ಡ್ರ್ಯಾಗನ್-ಬರ್ನ್ಟ್ ಪಾಳಿನಲ್ಲಿ ಒಂದು ಪೆಟ್ಟಿಗೆ ಉಂಟು. ತೆರೆದರೆ ಹೊಗೆ ಎದ್ದು ನಿಮ್ಮನ್ನು ಕೇಲಿಡ್ ಎಂಬ ಕೆಂಪು ನರಕದ ಗಣಿಯೊಳಗೆ ಎಸೆಯುತ್ತದೆ. ಅಲ್ಲಿಂದ ಹೊರಬಿದ್ದು, ಕೊಳೆತ ಜೌಗಿನ ನಡುವಿನ ಸ್ಟ್ರೀಟ್ ಆಫ್ ಸೇಜಸ್ ಪಾಳಿಗೆ ಕುದುರೆ ಓಡಿಸಿದರೆ ಮೀಟಿಯೊರೈಟ್ ಸ್ಟಾಫ್ ಎಂಬ ಕೋಲು ಸಿಗುತ್ತದೆ, ಪಕ್ಕದಲ್ಲೇ ರಾಕ್ ಸ್ಲಿಂಗ್ ಮಂತ್ರ. ಎರಡಕ್ಕೂ ಇಂಟೆಲಿಜೆನ್ಸ್ 18 ಸಾಕು, ಅಂದರೆ ಎರಡೇ ಮೆಟ್ಟಿಲು ಹತ್ತಿದರೆ ಆಯಿತು. ಆ ಕೋಲನ್ನು ಬಲಪಡಿಸಲು ಬರುವುದಿಲ್ಲ, ಆದರೆ ಆರಂಭದಲ್ಲಿ ಅದರ ಮುಂದೆ ನಿಲ್ಲುವ ಕೋಲು ಬೇರೆ ಇಲ್ಲ. ರಾಕ್ ಸ್ಲಿಂಗ್ ನೆಲದಿಂದ ಬಂಡೆ ಎಬ್ಬಿಸಿ ಎಸೆಯುವ ಮಂತ್ರ. ಅದರ ಪೆಟ್ಟು ಮಂತ್ರದ ಪೆಟ್ಟಲ್ಲ, ಬಂಡೆಯ ಪೆಟ್ಟು. ಮುಂದೆ ರಾಯಾ ಲುಕಾರಿಯಾಕ್ಕೆ ಹೋದಾಗ ಅಲ್ಲಿನ ಮಾಂತ್ರಿಕರಿಗೆ ನಿಮ್ಮ ನೀಲಿ ಕಲ್ಲು ಅಷ್ಟಾಗಿ ನಾಟುವುದಿಲ್ಲ, ಬಂಡೆ ನಾಟುತ್ತದೆ. ಹಾಗಾಗಿ ಇವು ಬೇಕಾದ ವಸ್ತುಗಳೇ.

ಪ್ರಶ್ನೆ ಯಾವಾಗ ಎಂಬುದು. ಆಟ ಶುರುವಾದ ಮೊದಲ ಗಂಟೆಯಲ್ಲೇ ತಂದುಕೊಂಡವರು ಗೇಟ್‌ಫ್ರಂಟ್‌ನ ಸೈನಿಕರನ್ನು ನೊಣ ಹೊಡೆದಂತೆ ಹೊಡೆದು ಮುಂದೆ ಹೋಗುತ್ತಾರೆ. ಕಹಳೆಯವನು ಯಾರು, ಗುರಾಣಿ ಯಾವಾಗ ತಗ್ಗುತ್ತದೆ, ತೋಳ ಕರೆದ ಮೇಲೆ ಎಷ್ಟು ಉಳಿಯಿತು ಎಂದು ಅವರು ಕೇಳಿಕೊಳ್ಳಬೇಕಾಗಿಯೇ ಬರುವುದಿಲ್ಲ. ತಪ್ಪು ಎನ್ನಲಾರೆ, ದುಡ್ಡು ಕೊಟ್ಟು ಕೊಂಡ ಆಟ ಅವರದು. ಆದರೆ ಮಾಂತ್ರಿಕನ ಆಟ ಸುಲಭ ಎಂದು ಆಮೇಲೆ ಹೇಳುತ್ತಾ ತಿರುಗುವವರೂ ಇವರೇ.

ನನ್ನ ಸಲಹೆ ಇಷ್ಟು: ಮಾರ್ಗಿಟ್ ಬೀಳುವ ತನಕ ಹಳೆಯ ಕೋಲಿನಲ್ಲೇ ಆಡಿ. ಸಿಕ್ಕಿದ ರೂನ್‌ಗಳನ್ನೆಲ್ಲ ಬುದ್ಧಿಗೇ ಸುರಿಯದೆ ನಡುನಡುವೆ ವಿಗರ್‌ಗೂ ಹಾಕಿ. ಅವನು ಬಿದ್ದ ಮೇಲೆ ಕೇಲಿಡ್‌ಗೆ ಹೋಗಿ ಆ ಕೋಲು ತನ್ನಿ, ಆಗ ಅದರ ಬೆಲೆ ತಿಳಿಯುತ್ತದೆ. ಪಕ್ಕದಲ್ಲಿ ಕೂತು ನೋಡುವವರಲ್ಲಿ ಒಂದೇ ಬೇಡಿಕೆ: ಅಷ್ಟರವರೆಗೆ ಕಂಟ್ರೋಲರ್ ಕೇಳಬೇಡಿ, ಎಷ್ಟು ಕಲ್ಲು ಉಳಿದಿದೆ ಎಂದು ಗಟ್ಟಿಯಾಗಿ ಎಣಿಸಿ ಹೇಳಿ.